ನಿನ್ನ ದನಿಯಲ್ಲಿ ಅಕ್ಕನ ಮಾತು

ಸಾಂಬ್ರಾಣಿ, ತಾ. ಹಳಿಯಾಳ
೩ ನವೆಂಬರ್ ೨೦೨೫, ಸೋಮವಾರ

ಚಿ. ಸೌ. ದ್ರಾಕ್ಷಾಯಣಿಗೆ ನಿನ್ನ ಸೋದರಮಾವ ಶೇಖಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು ಪತ್ರ ಶುರು ಮಾಡಬೇಕೆಂದು ನಮ್ಮ ಕನ್ನಡ ಶಾಲೆಯ ಮಾಸ್ತರರು ಕಲಿಸಿದ್ದರು. ಈ ಸಲ ಆ ಸಾಲು ಕೈಗೆ ಬರುತ್ತಿಲ್ಲ. ನಾವೆಲ್ಲ ಎನ್ನಲು ಈಗ ಈ ಮನೆಯಲ್ಲಿ ಇರುವವನು ನಾನೊಬ್ಬ. ಆದರೂ ನಿನ್ನ ಮಾಮಾನ ಅಕ್ಷರ ಮಾತ್ರ ಇನ್ನೂ ಮುತ್ತಿನಂತೆ ಇದೆ, ನೋಡಿಕೋ. ಏಳನೇ ಇಯತ್ತೆ ಕಲಿತವರಲ್ಲಿ ಇಂಥ ಅಕ್ಷರ ಇಡೀ ತಾಲೂಕಿನಲ್ಲಿ ಇನ್ನೊಬ್ಬನದಿಲ್ಲ.

ಫೋನ್ ಮಾಡಿದರೆ ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಒಲೆಗೆ ಹಾಕಬಹುದು. ಹಾಕುವುದಾದರೆ ಓದಿ ಹಾಕು.

ಅಕ್ಕನನ್ನು ಮಣ್ಣಿಗಿಟ್ಟ ದಿನ ನೀನು ಹೊಲದ ಬದುವಿನ ಮೇಲೆ ಎಲ್ಲರಿಂದ ದೂರ ನಿಂತಿದ್ದೆ. ಆಕೆಯನ್ನು ಸಮಾಧಿಯಲ್ಲಿ ಕೂಡಿಸಿ ವಿಭೂತಿ ಹಚ್ಚುವಾಗ ನಾನು ನಿನ್ನನ್ನು ಕರೆಯಲು ಬಂದೆ. ನೀನು ಅಂದೆ: “ಒಲ್ಲೆ ಅಂದಾಕಿ ಮುಂದ ನಾ ಹೆಂಗ ಅಳ್ಲಿ ಮಾಮಾ? ತಾಂಡಾದವ್ರ ಮನಿ ಅಂತ ನನ್ನ ಹೊಸ್ತಿಲಾ ತುಳಿಯಾಕ ಒಲ್ಲೆ ಅಂದಾಳ ಅಕಿ. ಈಗ ನಾ ಯಾಕ ಮುಟ್ಲಿ?” ಅಷ್ಟು ಹೇಳಿ, ಒಂದು ಹಿಡಿ ಮಣ್ಣನ್ನೂ ಹಾಕದೆ, ಊಟಕ್ಕೂ ನಿಲ್ಲದೆ ಹೋದೆ.

ದ್ರಾಕ್ಷಿ, ಮಾಮಾ ಹೇಳುವ ನೂರು ಬಂಡಲ್‌ಗಳಲ್ಲಿ ಇದೂ ಒಂದು ಎಂದು ತಿಳಿಯಬೇಡ. ಶ್ರಾವಣದ ಆ ದಿನ ನಿನ್ನ ಅವ್ವ ಒಲ್ಲೆ ಅನ್ನಲಿಲ್ಲ. ಆಕೆ ಒತ್ತಿದ್ದು ಹೂಂ. ಒಲ್ಲೆ ಎಂದದ್ದು ಯಂತ್ರ.

ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನಡುವಿನಿಂದ ಹೇಳುವ ವಿದ್ಯೆ ನನಗಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅಕ್ಕನಿಗೆ ಲಕ್ವಾ ಹೊಡೆಯಿತು. ಮಾತು ನಿಂತಿತು, ಕತ್ತು ವಾಲಿತು, ಎಡಗೈಯ ಬೆರಳುಗಳಷ್ಟೇ ಉಳಿದವು. ನಾನು ನನ್ನ ಮನೆಗೆ ಕೀಲಿ ಹಾಕಿ ಇಲ್ಲಿಗೆ ಬಂದೆ. ಮುಂಡಗೋಡ ಕಡೆಯ ತಾಂಡಾದ ಕುಬೇರನನ್ನು ಮದುವೆಯಾದಂದಿನಿಂದ ಈ ಮನೆಯ ಮೆಟ್ಟಿಲು ಹತ್ತದ ನೀನೂ ಬಂದೆ. ಗಣೇಶಗುಡಿಯಿಂದ ದಾಂಡೇಲಿಗೆ ಒಂದು ಬಸ್ಸು, ದಾಂಡೇಲಿಯಿಂದ ಇಲ್ಲಿಗೆ ಇನ್ನೊಂದು. ಬಂದು ಅಕ್ಕನ ತಲೆ ಬಾಚಿ ಹೋಗುತ್ತಿದ್ದೆ. ಕುಬೇರ ಮಾತ್ರ ಬರಲಿಲ್ಲ. ಅವನು ಕರೆಯದೆ ಬರುವವನಲ್ಲ. ಕರೆಯಲು ಅಕ್ಕನಿಗೆ ಬಾಯಿ ಇರಲಿಲ್ಲ. ಬಾಯಿ ಇದ್ದಾಗಲೂ ಕರೆದಿರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ.

ಯುಗಾದಿಯ ಹೊತ್ತಿಗೆ ಹಳಿಯಾಳ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹಾಬಳೇಶ್ವರ ಆ ಯಂತ್ರ ಕಟ್ಟಿಕೊಟ್ಟ. ಎಲೆ ಅಡಿಕೆ ಡಬ್ಬಿಯಷ್ಟು ಸಣ್ಣ ಕಂಪ್ಯೂಟರ್, ಒಳಗೆ ಲಿನಕ್ಸ್. ಯುಎಸ್‌ಬಿ ವೈರಿನಿಂದ ಜೋಡಿಸಿದ ಎರಡು ದೊಡ್ಡ ಬಟನ್, ಒಂದು ಸ್ಪೀಕರ್. ಅಕ್ಕನ ಹೆಬ್ಬೆರಳ ಕಡೆಯ ಬಟನ್ ಒತ್ತಿದರೆ ‘ಹೂಂ’, ಕಿರುಬೆರಳ ಕಡೆಯದನ್ನು ಒತ್ತಿದರೆ ‘ಒಲ್ಲೆ’. ಈ ಎರಡು ಮಾತನ್ನು ಯಾರ ದನಿಯಲ್ಲಿ ತುಂಬಬೇಕು ಎಂದಾಗ ನಾನೇ ಮುಂದೆ ಹೋದೆ. ದೊಡ್ಡಾಟದಲ್ಲಿ ಭೀಮನ ಪಾತ್ರ ಮಾಡಿದ ದನಿ ಇದು. ಮಹಾಬಳೇಶ್ವರ ಕೇಳಿ ನಕ್ಕ. “ಕಾಕಾ, ಅವ್ವಾರು ಛಾ ಬೇಕಂದ್ರ ಗದಾ ಎತ್ತಿದಂಗ ಆಗ್ತೈತ್ರಿ” ಅಂದ. ಕಡೆಗೆ ನಿನ್ನಿಂದಲೇ ಹೇಳಿಸಿ ತುಂಬಿದ. ಅಂದಿನಿಂದ ಅಕ್ಕ ನಿನ್ನ ದನಿಯಲ್ಲಿ ಮಾತಾಡತೊಡಗಿದಳು. ಮೊದಲ ದಿನ ಏನೂ ಕೇಳದಿದ್ದರೂ ಸುಮ್ಮನೆ ಒತ್ತುತ್ತಿದ್ದಳು. ಹೂಂ, ಹೂಂ. ನಿನ್ನ ದನಿ ಕೇಳುವ ಆಸೆಗೆ.

ಈಗ ಶ್ರಾವಣಕ್ಕೆ ಬರುತ್ತೇನೆ. ನೀನು ಜೀಪು ತಂದೆ. ಕುಬೇರ ರಸ್ತೆಯ ಆಚೆ ಜೀಪಿನಲ್ಲೇ ಕುಳಿತಿದ್ದ. ಅವ್ವನಿಗೆ ಬೇರೆ ಕೋಣೆ ಮಾಡಿದ್ದೇವೆ, ಕಿಟಕಿ ತೆರೆದರೆ ಹೊಳೆ ಕಾಣುತ್ತದೆ, ಕರೆದುಕೊಂಡು ಹೋಗುತ್ತೇನೆ ಎಂದೆ. ನಾನು ಅಕ್ಕನನ್ನೇ ಕೇಳು ಎಂದೆ. ಮಂಚದ ಮಗ್ಗುಲಿಗೆ ಕುಳಿತು, ಆಕೆಯ ಹಣೆಯ ಕೂದಲು ಸರಿಸಿ ಕೇಳಿದೆ: “ಅವ್ವಾ, ನಮ್ಮ ಮನಿಗೆ ಬರ್ತಿಯೇನ?”

ಅಕ್ಕ ಒತ್ತಿದಳು. ನಿನ್ನದೇ ದನಿ ನಿನಗೇ ‘ಒಲ್ಲೆ’ ಎಂದಿತು.

ಮತ್ತೆ ಕೇಳಿದೆ. ಮತ್ತೆ ಒಲ್ಲೆ. ಅಕ್ಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಬಿಡದೆ ಒತ್ತುತ್ತಿತ್ತು. ಒಲ್ಲೆ, ಒಲ್ಲೆ, ಒಲ್ಲೆ. ಬಾಗಿಲಿಗೆ ಬಂದ ಓಣಿಯ ಹೆಂಗಸರೆಲ್ಲ ಕೇಳಿದರು. ಅದು ಸಿಟ್ಟಿನ ಕಣ್ಣೀರು ಎಂದುಕೊಂಡೆವು. ಅಕ್ಕನನ್ನು ನೋಡಿಕೊಳ್ಳುತ್ತಿದ್ದ ಗೋದುಬಾಯಿ ನಿನ್ನ ಉಡಿ ತುಂಬಲು ಅಕ್ಕಿ, ಬೆಲ್ಲ ಹಿಡಿದು ಬರುವಷ್ಟರಲ್ಲಿ ನೀನು ಜೀಪು ಹತ್ತಿಬಿಟ್ಟಿದ್ದೆ. ಬಂದ ಮಗಳು ಬರಿ ಉಡಿಯಲ್ಲಿ ಹೋದಳಲ್ಲ ಎಂದು ಗೋದುಬಾಯಿ ಆ ತಟ್ಟೆ ಹಿಡಿದುಕೊಂಡೇ ಅತ್ತಳು.

ಅವತ್ತು ಬೆಳಿಗ್ಗೆ ಮಳೆಗೆ ಕರೆಂಟ್ ಹೋಗಿ ಬಂದಿತ್ತು. ಆದದ್ದು ಅಷ್ಟೇ.

ನೀನು ಹೋದ ಮೇಲೆ ನಾನು ಅಕ್ಕನ ಮೇಲೆ ಹರಿಹಾಯ್ದೆ. “ಮಗಳನ್ನ ಬಾಗಲದಿಂದ ಹೊರಗ ಹಾಕಿದಿ. ಭಾರಿ ಆತು ನಿನ್ನ ಕುಲ” ಎಂದೆ. ಆಮೇಲೆ ಮಾತು ಬಿಟ್ಟೆ. ಅಕ್ಕ ಊಟಕ್ಕೂ ಒಲ್ಲೆ, ಛಾಕ್ಕೂ ಒಲ್ಲೆ. ಮಗಳ ಮೇಲಿನ ಹಟ ಅನ್ನದ ಮೇಲೆ ತೀರಿಸುತ್ತಿದ್ದಾಳೆ ಎಂದುಕೊಂಡೆ. ಗೋದುಬಾಯಿ ಮಾತ್ರ, “ಒಲ್ಲೆ ಅಂತಾರ, ಬಾಯಿ ತಗೀತಾರ. ಏನ್ ತಿಳೀಬೇಕ್ರಿ ಯಪ್ಪಾ?” ಅನ್ನುತ್ತ ಉಣ್ಣಿಸುತ್ತಿದ್ದಳು.

ನನಗೆ ಮಾತು ಬಿಟ್ಟು ಇರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಗಣಪತಿ ಹಬ್ಬದ ಮುಂಚೆ ಒಂದು ಮುಂಜಾನೆ ತಡೆಯಲಾಗದೆ, ದಿನಾ ಕೇಳುತ್ತಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದೆ. “ಅಕ್ಕಾ, ಈ ಹಳಿಯಾಳ ತಾಲೂಕಿನಾಗ ನನ್ನಷ್ಟು ಶ್ಯಾಣ್ಯಾ ಯಾರರೆ ಅದಾರೇನ? ನಾನ ಎಲ್ಲಾರಕಿಂತ ಶ್ಯಾಣ್ಯಾ ಹೌದಲ್ಲ?” ಇದಕ್ಕೆ ಅಕ್ಕ ಯಾವತ್ತೂ ಕಿರುಬೆರಳ ಬಟನ್ ಒತ್ತುತ್ತಿದ್ದಳು, ಜೋರಾಗಿ. ಆ ದಿನವೂ ಅದನ್ನೇ ಒತ್ತಿದಳು. ನಿನ್ನ ದನಿ ‘ಹೂಂ’ ಎಂದಿತು.

ಹುಟ್ಟಿದಾಗಿನಿಂದ ನಮ್ಮಕ್ಕ ನನ್ನನ್ನು ಜಾಣ ಎಂದು ಒಪ್ಪಿದವಳಲ್ಲ. ಲಕ್ವಾ ಹೊಡೆದರೂ ಒಪ್ಪುವವಳಲ್ಲ. ಬೆರಳು ನೋಡಿದೆ, ಬಟನ್ ನೋಡಿದೆ, ಮತ್ತೆ ಕೇಳಿದೆ. ಕಿರುಬೆರಳು ಒತ್ತಿತು, ಹೂಂ ಎಂದಿತು. ಹೆಬ್ಬೆರಳ ಬಟನ್ ನಾನೇ ಒತ್ತಿದೆ. ಒಲ್ಲೆ. ಅಲ್ಲಿಯೇ ಮಂಚದ ಕಾಲಿಗೆ ಒರಗಿ ಕುಳಿತುಬಿಟ್ಟೆ. ನಿನ್ನ ಎದುರು ಆಕೆ ಬಿಡದೆ ಒತ್ತಿದ್ದು ಯಾವ ಬೆರಳಿನಿಂದ ಎಂದು ನನಗೆ ಆಗ ನೆನಪಾಯಿತು. ಹೆಬ್ಬೆರಳಿನಿಂದ.

ಇನ್ನೊಂದು ಬಟನ್ ಒತ್ತಬಾರದಿತ್ತೇ ಎಂದು ನೀನು ಕೇಳಬಹುದು. ನಾನೂ ಅಕ್ಕನನ್ನು ಕೇಳಿದೆ. ಅದಕ್ಕೆ ಉತ್ತರ ಹೂಂ ಅಲ್ಲ, ಒಲ್ಲೆಯೂ ಅಲ್ಲ; ಹಾಗಾಗಿ ಆಕೆ ಏನೂ ಒತ್ತಲಿಲ್ಲ. ನನಗೆ ತಿಳಿದದ್ದು ಇಷ್ಟು: ಕೇಳುವವರಿಗೆ ಸರಿಯಾಗಿ ಕೇಳಲಿ ಎಂದು ತಾನು ತಪ್ಪು ಒತ್ತುವ ಹೆಂಗಸಲ್ಲ ನಮ್ಮಕ್ಕ.

ಯಂತ್ರ ಯಾಕೆ ಹೀಗೆ ಮಾಡಿತು ಎಂದು ಹೇಳುತ್ತೇನೆ. ಮಾಮಾನ ವಿದ್ಯೆ ನೋಡು. ಯುಎಸ್‌ಬಿಯಲ್ಲಿ ಬಂದ ಇಂಥ ಸಾಮಾನಿಗೆ ಲಿನಕ್ಸ್ ತಾನೇ ಹೆಸರು ಇಡುತ್ತದೆ. ಮೊದಲು ಕಂಡದ್ದಕ್ಕೆ ಸೊನ್ನೆ, ಆಮೇಲೆ ಕಂಡದ್ದಕ್ಕೆ ಒಂದು. ನಮ್ಮ ಶಾಲೆಯಲ್ಲಿ ಬಂದ ಸಾಲಿನಂತೆ ನಂಬರ್ ಕೊಡುತ್ತಿದ್ದರಲ್ಲ, ಹಾಗೆ. ದನ ಹೊಡೆದುಕೊಂಡು ಹೋಗಿ ತಡವಾದವನಿಗೆ ಅವತ್ತು ಬೇರೆ ನಂಬರ್. ಮಹಾಬಳೇಶ್ವರ ಸೊನ್ನೆ ಎಂದರೆ ಹೂಂ, ಒಂದು ಎಂದರೆ ಒಲ್ಲೆ ಎಂದು ಬರೆದು ಕೈತೊಳೆದುಕೊಂಡಿದ್ದ. ಅದಕ್ಕೂ ಮುಂಚೆ ಎಷ್ಟೋ ಸಲ ಕರೆಂಟ್ ಹೋಗಿತ್ತು. ನಮ್ಮ ಪುಣ್ಯಕ್ಕೆ ಪ್ರತಿ ಸಲವೂ ಅದೇ ಸಾಲಿನಲ್ಲಿ ಎದ್ದಿದ್ದವು. ನೀನು ಬಂದ ದಿನ ಒಲ್ಲೆಯ ಬಟನ್ ಮೊದಲು ಕಣ್ಣುಬಿಟ್ಟಿತು. ಅದು ಸೊನ್ನೆಯಾಯಿತು, ಹೂಂ ಆಯಿತು.

ಮಹಾಬಳೇಶ್ವರನಿಗೆ ಫೋನ್ ಮಾಡಿದರೆ, “ಅಂಗಡಿಗೆ ತಗೊಂಡ ಬರ್ರಿ ಕಾಕಾ, ಗಣಪತಿ ಕಳಿಸಿದ ಮ್ಯಾಲ ನೋಡೂಣು” ಅಂದ. ಅಕ್ಕನ ನಾಲಗೆಯನ್ನು ಕಿತ್ತು ಅಂಗಡಿಯಲ್ಲಿ ಇಟ್ಟು ಬರಲೇ? ನಾನೇ ಕೈ ಹಾಕಿದೆ. ಕೀಬೋರ್ಡ್ ಜೋಡಿಸಿ, ಕನ್ನಡಕ ಏರಿಸಿ ಕುಳಿತೆ. ಲಿನಕ್ಸಿನಲ್ಲಿ ಯುಡೆವ್ ಎಂದು ಬಾಗಿಲು ಕಾಯುವವನೊಬ್ಬ ಇದ್ದಾನೆ. ಇಂಥ ಗುರುತಿನವನು ಬಂದರೆ ಇಂಥ ಹೆಸರಿನಿಂದ ಕರೆ ಎಂದು ಒಂದು ನಿಯಮ ಬರೆದಿಟ್ಟರೆ ಯಾವತ್ತೂ ಹಾಗೆಯೇ ಕರೆಯುತ್ತಾನೆ. ಮೊದಲು ಬಂದರೂ ಸರಿ, ಕಡೆಗೆ ಬಂದರೂ ಸರಿ. ಆದರೆ ಗುರುತು ಯಾವುದು? ಎರಡೂ ಬಟನ್ ಒಂದೇ ಕಾರ್ಖಾನೆಯವು, ಒಂದೇ ಮಾದರಿ, ಒಳಗೆ ಸೀರಿಯಲ್ ನಂಬರೇ ಇಲ್ಲ. ಅವಳಿ ಮಕ್ಕಳು, ಅದೂ ಹಣೆಯ ಮೇಲೆ ಮಚ್ಚೆಯಿಲ್ಲದವು. ಕಡೆಗೆ ಉಳಿದ ಗುರುತು ಒಂದೇ, ಕುಳಿತ ಜಾಗ. ವೈರು ಸಿಕ್ಕಿಸುವ ತೂತುಗಳಿಗೆ ಕಂಪ್ಯೂಟರಿನಲ್ಲಿ ಬೇರೆ ಬೇರೆ ವಿಳಾಸವಿದೆ, ಅದು ಬದಲಾಗುವುದಿಲ್ಲ. ಮೇಲಿನ ತೂತಿನಲ್ಲಿ ಬಂದವನ ಹೆಸರು ಹೂಂ, ಕೆಳಗಿನದರಲ್ಲಿ ಬಂದವನು ಒಲ್ಲೆ. ಹಾಗೆಂದು ನಿಯಮ ಬರೆದು, ಮಹಾಬಳೇಶ್ವರನ ಸೊನ್ನೆ, ಒಂದನ್ನು ತೆಗೆದು ಆ ಜಾಗದಲ್ಲಿ ಈ ಹೆಸರುಗಳನ್ನೇ ಹಾಕಿದ್ದಾಯಿತು. ಗೋದುಬಾಯಿ ಒರೆಸುವಾಗ ವೈರು ಅದಲುಬದಲು ಆಗಬಾರದೆಂದು ಮೇಲಿನ ತೂತಿಗೂ ಅದರ ವೈರಿಗೂ ಕುಂಕುಮ, ಕೆಳಗಿನದಕ್ಕೆ ವಿಭೂತಿ ಹಚ್ಚಿದೆ. ಕರೆಂಟ್ ಆರಿಸಿ ಹಚ್ಚಿ, ಮೊಟ್ಟಮೊದಲು ಅದೇ ಪ್ರಶ್ನೆ ಕೇಳಿದೆ. ನಾನೇ ಶ್ಯಾಣ್ಯಾ ಹೌದಲ್ಲ? “ಒಲ್ಲೆ” ಎಂದಳು ಅಕ್ಕ. ಬೈಸಿಕೊಂಡು ಅಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆಮೇಲೆ ಕೇಳಿದೆ. “ದ್ರಾಕ್ಷಿ ಮನಿಗೆ ಹೋಗ್ತಿಯೇನ ಅಕ್ಕಾ?” ಹೆಬ್ಬೆರಳು ಹೊಡೆದುಕೊಂಡಿತು. ಹೂಂ, ಹೂಂ, ಹೂಂ. ನಾನು ಫೋನ್ ಎತ್ತಿದೆ, ನಿನಗೆ ಹೇಳೋಣವೆಂದು. ಹಿಂದಿನಿಂದ ನಿನ್ನ ದನಿ: “ಒಲ್ಲೆ.”

ಯಂತ್ರ ಮತ್ತೆ ತಿರುಗಿತೇ ಎಂದು ಹೆದರಿ ಬೆರಳು ನೋಡಿದೆ. ಕಿರುಬೆರಳೇ. ಅಕ್ಕನ ಮನಸ್ಸಿನಲ್ಲಿ ಇದ್ದದ್ದನ್ನು ಒಂದೊಂದೇ ಪ್ರಶ್ನೆಯಿಂದ ಅಗೆದು ತೆಗೆಯಬೇಕಾಯಿತು. ಮಗಳ ಮೇಲೆ ಸಿಟ್ಟೋ? ಒಲ್ಲೆ. ಅಳಿಯನ ಮೇಲೆ? ಒಲ್ಲೆ. ಮನಸ್ಸು ತಿರುಗಿತೋ? ಒಲ್ಲೆ. ಕಡೆಗೆ ನನ್ನ ಕಿಡಿಗೇಡಿ ಬುದ್ಧಿಗೇ ಹೊಳೆಯಿತು. “ಹೇಳದ ಕೇಳದ ಹೋಗಿ ಆಕಿ ಬಾಗಲದಾಗ ನಿಂದರೂಣೇನ?” ಆಗ ಅಕ್ಕನ ಮುಖ ನೀನು ನೋಡಬೇಕಾಗಿತ್ತು. ವಾಲಿದ ತುಟಿ ವಾಲಿದ್ದಲ್ಲೇ ನಕ್ಕಿತು. ಹೂಂ. ಬಾಗಿಲಿಂದ ಹಿಂದಕ್ಕೆ ಹೋದ ಮಗಳ ಮನೆಗೆ ಬಾಯಿಮಾತು ಕಳಿಸಬಾರದು, ತಾನೇ ಹೋಗಬೇಕು ಅನ್ನಿಸಿತ್ತೋ ಏನೋ. ಜೀವನವಿಡೀ ನನ್ನ ಕುಚೇಷ್ಟೆಗೆ ಬೈದ ಅಕ್ಕ ಒಂದೇ ಒಂದು ಕುಚೇಷ್ಟೆಯಲ್ಲಿ ನನ್ನ ಜತೆ ಪಾಲುಗಾರಳಾದಳು.

ಆದರೆ ಜೀಪಿನಲ್ಲಿ ಗಣೇಶಗುಡಿಯ ತಿರುವುಗಳನ್ನು ದಾಟುವಷ್ಟು ಆಕೆಗೆ ಕೂಡಲು ಬರುತ್ತಿರಲಿಲ್ಲ, ಸರಿದು ಬೀಳುತ್ತಿದ್ದಳು. ಅದಕ್ಕೆ ದಿನಾ ಮುಂಜಾನೆ ಕುರ್ಚಿಯಲ್ಲಿ ಕೂಡಿಸಿ, ಧೋತರದಿಂದ ಸೊಂಟ ಕಟ್ಟಿ ರೂಢಿ ಮಾಡಿಸಿದೆವು. ನಾನು ಎದುರಿಗೆ ಮಣೆಯ ಮೇಲೆ ಕುಳಿತು ಡ್ರೈವರನಂತೆ ಹಾರ್ನ್ ಹೊಡೆಯುವುದು, ದಾಂಡೇಲಿ ಬಂತು, ಅಂಬಿಕಾನಗರದ ಕ್ರಾಸ್ ಬಂತು ಎಂದು ಕೂಗುವುದು. ಸಾಕೇ ಎಂದರೆ ಒಲ್ಲೆ. ಇನ್ನೂ ಮುಂದೆ ಹೋಗಬೇಕು ಆಕೆಗೆ. ಮಗಳ ಮನೆಗೆ ಮೊದಲ ಸಲ ಬರಿಗೈಯಲ್ಲಿ ಹೋಗಬಾರದೆಂದು ಹಳಿಯಾಳದ ಅಂಗಡಿಯವನಿಂದ ಇಳಕಲ್ ಸೀರೆಗಳನ್ನು ತರಿಸಿ ಮಂಚದ ಮೇಲೆ ಹರಡಿದೆ. ನಾನು ಆರಿಸಿದ ಕೆಂಪಿಗೆ ಒಲ್ಲೆ. ಹಳದಿಗೆ ಒಲ್ಲೆ. ಅಂಗಡಿಯವನು, “ಯಜಮಾನ್ರ, ಇವ್ರಿಗೆ ಮಾತ ಬರದಿದ್ದಾಗನ ಹಿಂಗ!” ಎಂದು ತಲೆ ಚಚ್ಚಿಕೊಂಡ. ಕಡೆಗೆ ಒಂದು ಹಸಿರು ಸೀರೆ ಬಿಚ್ಚಿದಾಗ ಹೂಂ ಎಂದಳು.

ದೀಪಾವಳಿಯ ಪಾಡ್ಯದ ದಿನ ಹೊರಡುವುದೆಂದು ಆಯಿತು. ದಸರಾ ಮುಗಿದು ಬನ್ನಿ ಕೊಟ್ಟ ಮೇಲೆ, ಒಂದು ಮಧ್ಯಾಹ್ನ, ಕುರ್ಚಿಯಿಂದ ಇಳಿಸಿ ಮಲಗಿಸಿದ ಅಕ್ಕ ಏಳಲಿಲ್ಲ. ಮತ್ತೊಂದು ಲಕ್ವಾ ಎಂದರು ಡಾಕ್ಟರು. ನಾನು ಹೆಸರು ಹಿಡಿದು ಕೂಗಿದೆ, ಶ್ಯಾಣ್ಯಾ ಯಾರು ಎಂದು ಕೇಳಿದೆ, ಬೆರಳನ್ನು ಬಟನ್ ಮೇಲೆ ಇಟ್ಟೆ. ಬೆರಳು ಅಲ್ಲಿಯೇ ಇತ್ತು, ಒತ್ತಲಿಲ್ಲ.

ಇದನ್ನೆಲ್ಲ ಸಮಾಧಿಯ ಹತ್ತಿರವೇ ಹೇಳಬೇಕಾಗಿತ್ತು. ಬದುವಿನ ಮೇಲೆ ನಿನ್ನ ಮುಖ ನೋಡಿ ನನ್ನ ಬಾಯಿ ಕಟ್ಟಿತು. ಭೀಮನ ಪಾತ್ರ ಮಾಡಿದ ಬಾಯಿ.

ಬಾ ದ್ರಾಕ್ಷಿ. ಹಸಿರು ಸೀರೆ ಪೆಟ್ಟಿಗೆಯ ಮೇಲೆಯೇ ಇದೆ, ಗೋದುಬಾಯಿ ಉಡಿ ತುಂಬಲು ಕಾಯುತ್ತಿದ್ದಾಳೆ. ಮೊನ್ನೆಯ ಮಳೆಗೆ ಸಮಾಧಿ ಒಂದು ಮಗ್ಗುಲು ಸ್ವಲ್ಪ ಕುಸಿದಿದೆ. ನಿನ್ನ ಒಂದು ಹಿಡಿ ಮಣ್ಣಿಗೆ ಅಲ್ಲಿ ಇನ್ನೂ ಜಾಗವಿದೆ. ಅಳಬೇಕೆನಿಸಿದರೆ ಈಗ ಅಳು. ನಿನ್ನ ಮನೆಗೆ ಬರುತ್ತೇನೆ ಎಂದು ಬೆರಳು ನೋಯುವವರೆಗೆ ಒತ್ತಿದವಳಿಗಾಗಿ ಅಳು.

ನಿನ್ನ ದಾರಿ ನೋಡುತ್ತಿರುವ,
ಶೇಖಪ್ಪ ಮಾಮಾ
(ಏಳನೇ ಇಯತ್ತೆ, ಪಾಸು)

ತಾ.ಕ.: ಪತ್ರ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ನಿಯಮ ಬರೆದವನು ನಾನಲ್ಲ ದ್ರಾಕ್ಷಿ. ನಾನು ಹಚ್ಚಿದ್ದು ಕುಂಕುಮ, ವಿಭೂತಿ ಅಷ್ಟೇ. ಬರೆದವನು ಕುಬೇರ. ಹೊಳೆಯ ನೀರಿನ ಮಟ್ಟ ಅಳೆಯುವ ಯಂತ್ರ ರಿಪೇರಿ ಮಾಡುವವನಿಗೆ ಇದು ಗೊತ್ತಿರಬಹುದೆಂದು ನಾನೇ ಫೋನ್ ಮಾಡಿದ್ದೆ. ಬೇರೆ ಕೆಲಸವಿದೆ ಎಂದು ನಿನಗೆ ಹೇಳಿ ಬಂದ. ಹೇಳಬೇಡ ಎಂದು ಅಕ್ಕ ಅವನ ಎದುರಿಗೇ ಒತ್ತಿದಳು. ಅವನು ಮಾತು ಕೊಟ್ಟ, ನಡೆಸಿದ. ಆಕೆ ಹೋದ ಮೇಲೆ ನಿನ್ನೆದುರು ಬಾಯಿ ಬಿಡಲು ಅವನಿಗೆ ಧೈರ್ಯವಾಗಲಿಲ್ಲ. “ಮಾಮಾ, ನೀವ ಬರೀರಿ. ನಾ ಹೇಳಿದ್ರ ಸಮಾಧಾನಕ್ಕ ಸುಳ್ಳ ಹೇಳ್ತಾನಂತಾಳ. ನನ್ನ ಹೆಸರ ಮಾತ್ರ ಎತ್ತಬ್ಯಾಡ್ರಿ” ಎಂದು ಮೊನ್ನೆ ಬಂದು ಕೈ ಹಿಡಿದುಕೊಂಡ. ಎತ್ತಿದ್ದೇನೆ. ಸಿಟ್ಟು ಬಂದರೆ ಎಲ್ಲವನ್ನೂ ನನ್ನ ಮೇಲೆ ಹಾಕು.

ಮೊಟ್ಟಮೊದಲು ಕೇಳಿದ ಪ್ರಶ್ನೆಯೂ ನಾನು ಶ್ಯಾಣ್ಯಾನೋ ಎಂದಲ್ಲ. ಕುಬೇರ ಕೆಲಸ ಮುಗಿಸಿ ಮಂಚದ ಕೆಳಗೆ, ಅಕ್ಕನ ಕಾಲ ಕಡೆ ಕುಳಿತಿದ್ದ. ನಾನು ಕೇಳಿದೆ: “ಅಕ್ಕಾ, ಇಲ್ಲಿ ಕುಂತಾಂವ ನಿನ್ನ ಅಳಿಯಾ ಹೌದಲ್ಲ?” ಅಕ್ಕ ಅವನನ್ನು ಬಹಳ ಹೊತ್ತು ನೋಡಿದಳು. ಹೆಬ್ಬೆರಳು ಒತ್ತಿದಳು. ಹೂಂ. ಅವನು ತಲೆ ಎತ್ತಲಿಲ್ಲ. ಕೆಲಸ ಸರಿಯಾಗಿದೆಯೋ ನೋಡಬೇಕೆಂದು ಎರಡೂ ವೈರು ಕಿತ್ತು, ಒಲ್ಲೆಯ ವೈರನ್ನು ಮೊದಲು, ಹೂಂ ವೈರನ್ನು ಆಮೇಲೆ, ತಮ್ಮ ತಮ್ಮ ತೂತುಗಳಿಗೇ ಸಿಕ್ಕಿಸಿ, ಈ ಸಲ ತಾನೇ ಕೇಳಿದ: “ಅತ್ತಿ, ನಾ ನಿಮ್ಮ ಅಳಿಯಾ ಹೌದೇನ್ರಿ?” ಹೂಂ. ಕರೆಂಟ್ ಆರಿಸಿ ಹಚ್ಚಿದ, ಮತ್ತೆ ಅದನ್ನೇ ಕೇಳಿದ. ಹೂಂ. ಕೆಲಸ ಸರಿಯಾಗಿದೆ ಎಂದು ನನ್ನಂಥವನಿಗೂ ಆಗಲೇ ತಿಳಿದಿತ್ತು. ಅವನು ಮಾತ್ರ ಮತ್ತೆ ಮತ್ತೆ ಆರಿಸಿ ಹಚ್ಚಿ ಪರೀಕ್ಷೆ ಮಾಡುತ್ತಲೇ ಇದ್ದ. ಅಕ್ಕ ಬೇಸರಿಸದೆ, ನಿನ್ನ ದನಿಯಲ್ಲಿ, ಪ್ರತಿ ಸಲವೂ ಉತ್ತರ ಕೊಡುತ್ತಲೇ ಇದ್ದಳು.